ಆಪ್ತ ಸಲಹೆಗಾರರು ಕಾಯ್ದೆಯೊಳಗೆ ಬಂದ ಬಗೆ

2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಸಿಗುತ್ತಿದ್ದುದು ಅದಕ್ಕಿಂತ ಎಷ್ಟೋ ಕಡಿಮೆ. ಅಟ್ಟದ ತುಂಬ ಕಾಯಿ, ತಲೆಯ ಮೇಲೆ ಸಾಲ, ಕಣ್ಣಿಗೆ ನಿದ್ದೆಯಿಲ್ಲ. ಅಂಥ ಹೊತ್ತಿನಲ್ಲಿ ಬೆಳೆಗಾರನೊಬ್ಬ ಯಾವುದೋ ಆಪ್ತ ಸಲಹಾ ಕೇಂದ್ರದ ಫಲಕ ನೋಡಿ ಒಳಗೆ ಹೋದರೆ, ಎದುರು ಕೂತವರು ಏನು ಓದಿದ್ದಾರೆ, ಯಾರ ಕೈಕೆಳಗೆ ಪಳಗಿದ್ದಾರೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಔಷಧದಂಗಡಿಗೆ ಪರವಾನಗಿ ಬೇಕು, ಎಪಿಎಂಸಿಯ ವರ್ತಕರಿಗೂ ಬೇಕು. ಮನಸ್ಸಿನ ಸಂಕಟ ಕೇಳುವವರಿಗೆ ಬೇಕಿರಲಿಲ್ಲ.

ಕಾನೂನು ಅವರನ್ನು ಬಹುಕಾಲ ಗಮನಿಸಲೇ ಇಲ್ಲ. ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯ್ದೆಯಡಿ ಕ್ಲಿನಿಕಲ್ ಸೈಕಾಲಜಿಸ್ಟರಿಗೆ ನೋಂದಣಿ ಬಂತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೋವೈದ್ಯರ ಜೊತೆಗೆ ಕ್ಲಿನಿಕಲ್ ಸೈಕಾಲಜಿಸ್ಟ್, ಮಾನಸಿಕ ಆರೋಗ್ಯ ದಾದಿ, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಹೆಸರಿಸಿತು. ಆಪ್ತ ಸಲಹೆಗಾರರು ಅಲ್ಲೂ ಹೊರಗೇ ಉಳಿದರು.

ಕೆಲಸವಂತೂ ನಿಂತಿರಲಿಲ್ಲ. ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಬೆಂಗಳೂರಿನಲ್ಲಿ ‘ಸಮಾಧಾನ’ ಕೇಂದ್ರ ತೆರೆದು, ಸಾಮಾನ್ಯ ಜನರಿಗೇ ಆಪ್ತ ಸಲಹೆಯ ತರಬೇತಿ ಕೊಟ್ಟರು. ನಮ್ಮ ತುರುವೇಕೆರೆಯಲ್ಲಿ ನಡೆದದ್ದು ಇನ್ನೂ ದೊಡ್ಡದು. ಸುಮಾರು 15 ವರ್ಷಗಳ ಹಿಂದೆ ನಿಮ್ಹಾನ್ಸ್ ತಂಡ ತಾಲ್ಲೂಕಿನಲ್ಲಿ ಸ್ಕಿಜೋಫ್ರೇನಿಯಾ ಪೀಡಿತರನ್ನು ಗುರುತಿಸಿ, ಅವರ ಆರೈಕೆಯನ್ನು ವರ್ಷಾನುಗಟ್ಟಲೆ ನಡೆಸಿತು. ಡಾ. ಬಿ.ಎನ್. ಗಂಗಾಧರ್, ಡಾ. ಜಗದೀಶ ತೀರ್ಥಹಳ್ಳಿ, ಡಾ. ಸಿ. ನವೀನ್ ಕುಮಾರ್ ಈ ಅಧ್ಯಯನದಲ್ಲಿದ್ದರು. ಅವರು ಕಂಡುಕೊಂಡದ್ದು ಸರಳ: ಮಾತ್ರೆಯ ಜೊತೆಗೆ ಮನೆಯವರಿಗೆ ಕಾಯಿಲೆಯ ತಿಳಿವಳಿಕೆ ಕೊಟ್ಟು, ರೋಗಿಯನ್ನು ಬಿಡದೆ ವಿಚಾರಿಸಿಕೊಳ್ಳುತ್ತಿದ್ದರೆ ಅವರು ಮತ್ತೆ ಬದುಕಿನ ಕೆಲಸಗಳಿಗೆ ಮರಳಬಲ್ಲರು. ಹಾಗೆ ವಿಚಾರಿಸಿಕೊಳ್ಳುವ ಹೊಣೆಯಲ್ಲಿ ಹೆಚ್ಚಿನ ಪಾಲು ಸಮಾಜ ಕಾರ್ಯಕರ್ತರದು. ಮಾತ್ರೆ ಬಿಟ್ಟ ಮಗನ ತಾಯಿಯ ಜೊತೆ ಕೂತು ಅವರ ಮಾತಿನಲ್ಲೇ ತಿಳಿಹೇಳುವ ಕೌಶಲ ಯಾವ ಪ್ರಮಾಣಪತ್ರದಿಂದಲೂ ತಾನಾಗಿ ಬರುವುದಿಲ್ಲ.

2021ರಲ್ಲಿ ಸಂಸತ್ತು ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿತು. ಅದರ ಅನುಸೂಚಿಯ ವರ್ತನಾ ಆರೋಗ್ಯ ವಿಭಾಗದಲ್ಲಿ ಕೊನೆಗೂ ಆಪ್ತ ಸಲಹೆಗಾರರು ಸೇರಿದರು. ಆರೋಗ್ಯ ವೃತ್ತಿಪರರ ಪದವಿಗೆ ಕನಿಷ್ಠ 3,600 ಗಂಟೆಗಳ ಕಲಿಕೆ, ರಾಜ್ಯಕ್ಕೊಂದು ಪರಿಷತ್ತು, ಹೆಸರುಗಳ ನೋಂದಣಿ ಪುಸ್ತಕ ಇರಬೇಕೆಂದು ಅದು ಹೇಳಿತು; 2023ರಲ್ಲಿ ಆ ಪುಸ್ತಕ ಇನ್ನೂ ಬೆಳೆಗಾರನ ಕೈಗೆ ಸಿಕ್ಕಿರಲಿಲ್ಲ. ಈ ಕಾಯ್ದೆಯ ಹಿನ್ನೆಲೆಯಲ್ಲೇ 2025ರಲ್ಲಿ ಯುಜಿಸಿ ಮನಶ್ಶಾಸ್ತ್ರದ ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳನ್ನು ನಿಲ್ಲಿಸಿತು.

ನಿಲ್ಲಿಸಿದ್ದು ಸರಿ. ಇನ್ನೊಬ್ಬರ ಅಳು ಕೇಳುವುದನ್ನು ಅಂಚೆಯಲ್ಲಿ ಬಂದ ಪುಸ್ತಕದಿಂದ ಕಲಿಯಲಾಗದು. ಆದರೆ ಚಿಕ್ಕನಾಯಕನಹಳ್ಳಿಯಲ್ಲಿ ಮನೆ, ಮಕ್ಕಳು, ತೋಟ ನೋಡಿಕೊಂಡು ಓದುವ ಹೆಣ್ಣುಮಗಳಿಗೆ ಇದ್ದ ದಾರಿ ಅದೊಂದೇ. ಆಕೆಯನ್ನು ಬೆಂಗಳೂರಿನ ಹಾಸ್ಟೆಲಿಗೆ ಹೋಗು ಎಂದರೆ ಹಳ್ಳಿಗೆ ಸಿಗುವ ಸಲಹೆಗಾರ್ತಿಯನ್ನೇ ಕಳೆದುಕೊಳ್ಳುತ್ತೇವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರ ಉಸ್ತುವಾರಿಯಲ್ಲಿ ಕಲಿತ ಗಂಟೆಗಳನ್ನು ಪದವಿಯ ಲೆಕ್ಕಕ್ಕೆ ಸೇರಿಸಲಿ. ಕೌಶಲದ ಪರೀಕ್ಷೆ ಕನ್ನಡದಲ್ಲಿರಲಿ. ಆತ್ಮಹತ್ಯೆಯ ಸುಳಿವು ಕಂಡ ಕೂಡಲೇ ವೈದ್ಯರ ಬಳಿ ಕಳಿಸಲು ಗೊತ್ತೇ, ಕೇಳಿದ ಗುಟ್ಟು ಊರಿಗೆ ಹರಡದೆ ಉಳಿದೀತೇ ಎಂಬುದನ್ನು ಅಲ್ಲಿ ನೋಡಬೇಕು. ನೋಂದಣಿ ಪುಸ್ತಕದಲ್ಲಿ ಸಲಹೆಗಾರರ ಹೆಸರು ಹುಡುಕಲು ತಿಪಟೂರಿನ ಬೆಳೆಗಾರನಿಗೂ ಸಾಧ್ಯವಾಗುವಂತೆ ಅದು ಕನ್ನಡದಲ್ಲಿ, ಮೊಬೈಲಿನಲ್ಲಿ ಸಿಗಬೇಕು.