ಸ್ಕ್ಯಾನಿಂಗ್, ಜಾಹೀರಾತು ಮತ್ತು ಕಾನೂನು

ನಮ್ಮಲ್ಲಿ ಯಾವ ಊರಿನ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದರೂ ಗೋಡೆಯ ಮೇಲೆ ಒಂದು ಫಲಕ ಕಣ್ಣಿಗೆ ಬೀಳುತ್ತದೆ. ಭ್ರೂಣದ ಲಿಂಗವನ್ನು ತಿಳಿಸುವುದು ಕಾನೂನಿನಲ್ಲಿ ನಿಷಿದ್ಧ ಎಂಬುದು ಅದರ ಸಾರ. ಕೇಂದ್ರದವರು ಇಷ್ಟಪಟ್ಟು ಹಾಕಿದ ಫಲಕವಲ್ಲ ಅದು. 1994ರ ಲಿಂಗಪತ್ತೆ ನಿಷೇಧ ಕಾಯಿದೆಯ ನಿಯಮಗಳ ಪ್ರಕಾರ ಇಂಗ್ಲಿಷಿನಲ್ಲೂ ಸ್ಥಳೀಯ ಭಾಷೆಯಲ್ಲೂ ಅದನ್ನು ಹಾಕಲೇಬೇಕು. ಲಿಂಗಪತ್ತೆಯ ಜಾಹೀರಾತನ್ನೂ ಆ ಕಾಯಿದೆ ನಿಷೇಧಿಸಿದೆ.

ಸರ್ಕಾರ ಬರೆದುಕೊಟ್ಟ ವಾಕ್ಯವನ್ನು ಖಾಸಗಿ ಸಂಸ್ಥೆ ತನ್ನ ಗೋಡೆಯ ಮೇಲೆ ಹಾಕಿಕೊಳ್ಳಬೇಕೆಂಬುದು ನಮಗೆ ಸಹಜವಾಗಿ ತೋರುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಇದೇ ಯಂತ್ರವನ್ನು ಇಟ್ಟುಕೊಂಡಿರುವ ಬೇರೊಂದು ಬಗೆಯ ಕೇಂದ್ರಗಳಿಗಾಗಿ ಅಲ್ಲಿನ ರಾಜ್ಯವೊಂದು ರೂಪಿಸಿದ ಫಲಕ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿ ರದ್ದಾಯಿತು.

ಯಾವ ಕೇಂದ್ರಗಳು?

ಅಲ್ಲಿ ಇವುಗಳಿಗೆ ಕ್ರೈಸಿಸ್ ಪ್ರೆಗ್ನೆನ್ಸಿ ಸೆಂಟರ್ ಎಂದು ಹೆಸರು. ದೇಶದಾದ್ಯಂತ ಸುಮಾರು 2500 ಇವೆ. ಬಯಸದೆ ಬಸಿರಾಗಿ ದಿಕ್ಕು ತೋಚದಿರುವ ಸ್ತ್ರೀಯರಿಗೆ ಉಚಿತ ಗರ್ಭಪರೀಕ್ಷೆ, ಅನೇಕ ಕಡೆ ಉಚಿತ ಸ್ಕ್ಯಾನಿಂಗ್, ಮಗುವಿನ ಬಟ್ಟೆಬರೆ ಇವನ್ನು ಒದಗಿಸುತ್ತವೆ. ಬಹುತೇಕ ಕೇಂದ್ರಗಳನ್ನು ಗರ್ಭಪಾತವನ್ನು ವಿರೋಧಿಸುವ ಕ್ರೈಸ್ತ ಸಂಘಟನೆಗಳು ನಡೆಸುತ್ತವೆ. ಅವು ಗರ್ಭಪಾತ ಮಾಡುವುದಿಲ್ಲ. ಮಾಡುವ ಕಡೆಗೆ ಕಳುಹಿಸುವುದೂ ಇಲ್ಲ. ಅಂಥ ನಂಬಿಕೆಗೂ ನೆರವಿಗೂ ಯಾರ ಆಕ್ಷೇಪಣೆಯೂ ಇರಬೇಕಾಗಿಲ್ಲ. ತಕರಾರು ಇರುವುದು ಜಾಹೀರಾತಿನ ಬಗ್ಗೆ. ಗರ್ಭಪಾತದ ಚಿಕಿತ್ಸಾಲಯವನ್ನು ಹುಡುಕುತ್ತಿರುವವಳಿಗೆ ಇದೂ ಅಂಥದೇ ಚಿಕಿತ್ಸಾಲಯ ಎಂಬ ಭಾವನೆ ಬರುವಂತೆ ಹೆಸರು, ಫಲಕ, ಅಂತರಜಾಲದ ಜಾಹೀರಾತುಗಳನ್ನು ಕೆಲವು ಕೇಂದ್ರಗಳು ರೂಪಿಸುತ್ತವೆ ಎಂಬುದು ದೂರು. ಗೂಗಲ್ 2019ರಲ್ಲಿ ಇಂಥ ಜಾಹೀರಾತುಗಳ ಮೇಲೆ 'ಗರ್ಭಪಾತ ಮಾಡುತ್ತದೆ' ಅಥವಾ 'ಮಾಡುವುದಿಲ್ಲ' ಎಂಬ ಚೀಟಿ ಅಂಟಿಸಲು ಆರಂಭಿಸಿತು.

ಕೆಲವು ದಿನಗಳ ಗೊಂದಲದಿಂದ ಏನು ಮಹಾ ನಷ್ಟ ಎಂದು ಕೇಳಬಹುದು. 2022ರ ಜೂನ್‌ನಲ್ಲಿ ಗರ್ಭಪಾತದ ಸಾಂವಿಧಾನಿಕ ಹಕ್ಕು ರದ್ದಾದ ನಂತರ ಜಾರ್ಜಿಯ, ಫ್ಲಾರಿಡಾದಂಥ ರಾಜ್ಯಗಳು ಸುಮಾರು 6 ವಾರಗಳ ಮಿತಿ ಹಾಕಿವೆ. ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಂದರೆ ಮುಟ್ಟು ತಪ್ಪಿತೆಂದು ತಿಳಿಯುವ ಹೊತ್ತಿಗೆ 4 ವಾರಗಳ ಲೆಕ್ಕ ಮುಗಿದಿರುತ್ತದೆ. ಉಳಿಯುವುದು ಎರಡೇ ವಾರ.

ಯಂತ್ರ ಹೇಳುವುದೆಷ್ಟು?

ಸ್ಕ್ಯಾನಿಂಗ್ ಯಂತ್ರ ಬಳಸುವುದು ಶ್ರವಣಾತೀತ ತರಂಗಗಳನ್ನು. ದೇಹದ ಮೃದು ಅಂಗಾಂಶಗಳಲ್ಲಿ ಅವುಗಳ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 3.5 ಮೆಗಾಹರ್ಟ್ಸ್ ಆವೃತ್ತಿಯಲ್ಲಿ ತರಂಗದೂರ 0.44 ಮಿ.ಮೀ. 10 ಸೆಂ.ಮೀ. ಆಳದಿಂದ ಪ್ರತಿಧ್ವನಿ ಮರಳಲು ಬೇಕಾದ ಕಾಲ 130 ಮೈಕ್ರೊಸೆಕೆಂಡ್. ಈ ಕಾಲವೇ ದೂರವಾಗಿ, ದೂರವೇ ಚಿತ್ರವಾಗಿ ಪರದೆಯ ಮೇಲೆ ಮೂಡುತ್ತದೆ. ಭ್ರೂಣದ ನೆತ್ತಿಯಿಂದ ಪೃಷ್ಠದವರೆಗಿನ ಉದ್ದವನ್ನು ಅಳೆದರೆ ಮೊದಲ ಮೂರು ತಿಂಗಳಲ್ಲಿ ಗರ್ಭದ ವಯಸ್ಸು 5ರಿಂದ 7 ದಿನಗಳ ಅಂತರದೊಳಗೆ ಸಿಗುತ್ತದೆ. ಆದರೆ ಹಾಗೆ ಅಳೆಯಲು ತರಬೇತಿ ಪಡೆದ ಕೈ ಬೇಕು. ಗರ್ಭ ಗರ್ಭಾಶಯದ ಹೊರಗೆ ಬೆಳೆಯುತ್ತಿದೆಯೇ ಎಂಬ, ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಗೆ ಯಂತ್ರ ತಾನಾಗಿ ಉತ್ತರ ಕೊಡುವುದಿಲ್ಲ. ಚಿತ್ರವನ್ನು ಓದಬಲ್ಲ ವೈದ್ಯರು ಬೇಕು. ಯಂತ್ರವಿದ್ದಲ್ಲೆಲ್ಲ ವೈದ್ಯರಿದ್ದಾರೆ ಎಂದು ಸಾಮಾನ್ಯ ಜನ ಭಾವಿಸುವುದು ಸಹಜ.

'ಸಾರ್, ಶ್ರವಣಾತೀತ ಎಂದರೆ ಕಿವಿಗೆ ಕೇಳಿಸದ್ದು. ಹಾಗಾದರೆ ಸ್ಕ್ಯಾನಿಂಗ್ ಕೋಣೆಯಲ್ಲಿ ಡಬ್ ಡಬ್ ಎಂದು ಕೇಳುವುದೇನು?' ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಒಳ್ಳೆಯ ಪ್ರಶ್ನೆ. ಅದು ಡಾಪ್ಲರ್ ಪರಿಣಾಮ. ಹೊರಟ ತರಂಗ 2 ಮೆಗಾಹರ್ಟ್ಸ್, ಎದುರಾಗಿ ಬರುವ ರಕ್ತದ ವೇಗ ಸೆಕೆಂಡಿಗೆ 10 ಸೆಂ.ಮೀ. ಎಂದಿಟ್ಟುಕೊಂಡರೆ ಆವೃತ್ತಿಯ ವ್ಯತ್ಯಾಸ ಸುಮಾರು 260 ಹರ್ಟ್ಸ್. ಅದು ನಮ್ಮ ಶ್ರವಣದ ವ್ಯಾಪ್ತಿಯೊಳಗೇ ಬರುವುದರಿಂದ ಯಂತ್ರ ಆ ವ್ಯತ್ಯಾಸವನ್ನು ಧ್ವನಿವರ್ಧಕಕ್ಕೆ ಕೊಡುತ್ತದೆ. ಚಲನೆ ನಿಜ, ಸದ್ದು ಯಂತ್ರದ್ದು. ಸುಮಾರು 5 ಮಿ.ಮೀ. ಉದ್ದದ, 6 ವಾರದ ಭ್ರೂಣದ ವಿಷಯದಲ್ಲಿ ಈ ವ್ಯತ್ಯಾಸವನ್ನು ಹೇಳಿಯೇ ಸದ್ದು ಕೇಳಿಸಬೇಕೆಂದು ನನ್ನ ಅಭಿಪ್ರಾಯ.

ರದ್ದಾದ ಫಲಕ

ಕ್ಯಾಲಿಫೋರ್ನಿಯ 2015ರಲ್ಲಿ ಒಂದು ಕಾನೂನು ಮಾಡಿತು. ಪರವಾನಗಿ ಇಲ್ಲದ ಕೇಂದ್ರಗಳು ತಮಗೆ ವೈದ್ಯಕೀಯ ಪರವಾನಗಿ ಇಲ್ಲವೆಂದು ಪ್ರಕಟಿಸಬೇಕು. ಪರವಾನಗಿ ಇರುವವು ಗರ್ಭಪಾತವೂ ಸೇರಿದಂತೆ ಸರ್ಕಾರದ ಅಗ್ಗದ ಸೇವೆಗಳ ಮಾಹಿತಿಯನ್ನು ಹಾಕಬೇಕು. 2018ರ ಜೂನ್ 26ರಂದು ಸರ್ವೋಚ್ಚ ನ್ಯಾಯಾಲಯ 5-4ರ ಬಹುಮತದಿಂದ, ಇದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವಾಗಿರುವ ಸಂಭವವಿದೆ ಎಂದು ತೀರ್ಪಿತ್ತಿತು. ಬಹುಮತದ ಪರವಾಗಿ ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಕೊಟ್ಟ ಉದಾಹರಣೆ ಸ್ವಾರಸ್ಯವಾಗಿದೆ: 'ಜೀವವನ್ನು ಆರಿಸಿಕೊಳ್ಳಿ' ಎಂಬ ಅರ್ಥದ ಎರಡೇ ಪದಗಳ ಜಾಹೀರಾತು ಫಲಕದ ಸುತ್ತ ಸರ್ಕಾರದ 29 ಪದಗಳ ಪ್ರಕಟಣೆಯನ್ನು, ಕೆಲವೆಡೆ 13 ಭಾಷೆಗಳಲ್ಲಿ, ಹಾಕಬೇಕಾಗುತ್ತಿತ್ತು! ಭಿನ್ನಮತದ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಕೇಳಿದ್ದೂ ಸರಿಯಾದ ಪ್ರಶ್ನೆಯೇ. ಗರ್ಭಪಾತಕ್ಕೆ ಬಂದವಳಿಗೆ ದತ್ತು ಕೊಡುವ ಅವಕಾಶದ ಬಗ್ಗೆ ವೈದ್ಯರು ತಿಳಿಸಬೇಕೆಂಬ ನಿಯಮವನ್ನು 1992ರಲ್ಲಿ ಇದೇ ನ್ಯಾಯಾಲಯ ಒಪ್ಪಿತ್ತಲ್ಲ, ಅದು ಸರಿಯಾದರೆ ಇದೇಕೆ ತಪ್ಪು?

ಸ್ಯಾನ್ ಫ್ರಾನ್ಸಿಸ್ಕೊ ನಗರ 2011ರಲ್ಲೇ ಇನ್ನೊಂದು ದಾರಿ ಹಿಡಿದಿತ್ತು. 'ಇದನ್ನು ಹೇಳು' ಎನ್ನದೆ 'ಸುಳ್ಳು ಜಾಹೀರಾತು ಕೊಡಬೇಡ' ಎಂದಷ್ಟೇ ಅದರ ಕಟ್ಟಳೆ. ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಅದನ್ನು ಎತ್ತಿಹಿಡಿಯಿತು. ಹಾಗೆಂದು ಈ ದಾರಿಯೂ ಸುಗಮವಲ್ಲ. ಇಲಿನಾಯ್ 2023ರ ಜುಲೈನಲ್ಲಿ ಇಂಥದೇ ಕಾನೂನು ತಂದು, ಡಿಸೆಂಬರ್ ವೇಳೆಗೆ ಅದಕ್ಕೆ ಶಾಶ್ವತ ತಡೆಯನ್ನು ಒಪ್ಪಿಕೊಂಡಿತು.

ಸುಳ್ಳು ಎಂದು ತೋರಿಸುವುದು ಹೇಗೆ?

ಶಿಕ್ಷಕರಿಗೆ ತರಗತಿಯಲ್ಲಿ ಉಪಯೋಗವಾಗಬಹುದಾದ ಉದಾಹರಣೆ ಇಲ್ಲಿದೆ. ಗರ್ಭಪಾತಕ್ಕೆ ಎರಡು ಔಷಧಗಳಿವೆ: ಮೊದಲು ಮಿಫೆಪ್ರಿಸ್ಟೋನ್, ನಂತರ ಮಿಸೊಪ್ರೊಸ್ಟಾಲ್. ಮೊದಲನೆಯದು ಪ್ರೊಜೆಸ್ಟೆರೋನ್ ಹಾರ್ಮೋನಿನ ಕೆಲಸವನ್ನು ತಡೆಯುತ್ತದೆ. ಮನಸ್ಸು ಬದಲಾದವರು ಎರಡನೆಯದನ್ನು ಬಿಟ್ಟು ಪ್ರೊಜೆಸ್ಟೆರೋನ್ ತೆಗೆದುಕೊಂಡರೆ ಪರಿಣಾಮವನ್ನು ಹಿಂದಿರುಗಿಸಬಹುದೆಂದು ಅನೇಕ ಕೇಂದ್ರಗಳು ಪ್ರಚಾರ ಮಾಡುತ್ತವೆ. ಈ ಪ್ರಚಾರದ ಮೂಲ 2012ರ ಒಂದು ವರದಿ. ಅದರಲ್ಲಿ 6 ಸ್ತ್ರೀಯರ ಫಲಿತಾಂಶವಿತ್ತು. 4 ಮಂದಿಯಲ್ಲಿ ಗರ್ಭ ಉಳಿಯಿತು. ಹೋಲಿಕೆಯ ಗುಂಪು ಇರಲಿಲ್ಲ. ಮೊದಲನೆಯ ಔಷಧವನ್ನಷ್ಟೇ ನುಂಗಿದರೆ ಏನೂ ಮಾಡದಿದ್ದರೂ ಕೆಲವರಲ್ಲಿ ಗರ್ಭ ಉಳಿಯುತ್ತದೆ. ಹೋಲಿಸದೆ ಆ 4ಕ್ಕೆ ಬೆಲೆ ಕಟ್ಟುವುದು ಹೇಗೆ?

ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ಹೋಲಿಸಲು ಹೊರಟರು. 40 ಮಂದಿಯ ಯೋಜನೆ. ಅರ್ಧ ಮಂದಿಗೆ ಪ್ರೊಜೆಸ್ಟೆರೋನ್, ಅರ್ಧ ಮಂದಿಗೆ ಹುಸಿಗುಳಿಗೆ. 12 ಮಂದಿ ಸೇರುವಷ್ಟರಲ್ಲಿ 3 ಮಂದಿಗೆ ತೀವ್ರ ರಕ್ತಸ್ರಾವವಾಗಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅವರಲ್ಲಿ ಒಬ್ಬರು ಪ್ರೊಜೆಸ್ಟೆರೋನ್ ಪಡೆದವರು, ಇಬ್ಬರು ಹುಸಿಗುಳಿಗೆ ಪಡೆದವರು. 2019ರಲ್ಲಿ ಪ್ರಯೋಗವನ್ನು ನಿಲ್ಲಿಸಲಾಯಿತು. ಪ್ರೊಜೆಸ್ಟೆರೋನ್ ನಿಷ್ಫಲವೆಂದು ಇದರಿಂದ ಸಿದ್ಧವಾಗಲಿಲ್ಲ. ಆದರೆ ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸುವುದೇ ಅಪಾಯಕಾರಿಯಾಗಬಹುದೆಂಬ ಸೂಚನೆ ದೊರೆಯಿತು. 'ಸುರಕ್ಷಿತ, ಪರಿಣಾಮಕಾರಿ' ಎಂಬ ಜಾಹೀರಾತಿಗೆ ಆಧಾರವಂತೂ ಸಿಗಲಿಲ್ಲ.

ಕೊಲರಾಡೊ ರಾಜ್ಯ 2023ರಲ್ಲಿ ಈ ಚಿಕಿತ್ಸೆಯನ್ನೇ ನಿರ್ಬಂಧಿಸಹೊರಟಾಗ ಅದೇ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಒಂದು ಚಿಕಿತ್ಸಾಲಯದ ಮಟ್ಟಿಗೆ ತಡೆಯಾಜ್ಞೆ ನೀಡಿತು. ಕ್ಯಾಲಿಫೋರ್ನಿಯ ಹೊಸ ಕಾನೂನು ಮಾಡಲು ಹೋಗಲಿಲ್ಲ. ಅದರ ಅಟಾರ್ನಿ ಜನರಲ್ 2023ರ ಸೆಪ್ಟೆಂಬರ್‌ನಲ್ಲಿ, ಎಲ್ಲ ವ್ಯಾಪಾರಿಗಳಿಗೂ ಅನ್ವಯಿಸುವ ಹಳೆಯ ಸುಳ್ಳು ಜಾಹೀರಾತು ಕಾನೂನಿನಡಿಯಲ್ಲಿ, ಈ ಪ್ರಚಾರ ಮಾಡುತ್ತಿದ್ದ ಎರಡು ಸಂಸ್ಥೆಗಳ ಮೇಲೆ ದಾವೆ ಹೂಡಿದರು. ಈ ಸಲ ಸರ್ಕಾರ ಫಲಕ ಹಾಕಿ ಎನ್ನಲಿಲ್ಲ. ನೀವು ಹಾಕಿರುವ ಮಾತಿಗೆ ಆಧಾರವೇನು ಎಂದು ಕೇಳಿತು.