ವುಲಿಂಡ್ಲೆಲಾದ ಗುಡ್ಡಸಾಲಿನಲ್ಲಿ

ಡರ್ಬನ್ ಬಿಟ್ಟು ಒಳನಾಡಿನತ್ತ ಏರುತ್ತ ಹೋದಂತೆ ಕಡಲ ಸೆಕೆ ಇಳಿಯುತ್ತದೆ. ಪೀಟರ್‌ಮಾರಿಟ್ಸ್‌ಬರ್ಗ್ ದಾಟಿದರೆ ಹಸಿರು ಗುಡ್ಡಗಳು ಒಂದರ ಹಿಂದೊಂದು ಎದ್ದು ನಿಲ್ಲುತ್ತವೆ. ಅವುಗಳ ಮೈಮೇಲೆ ಅಲ್ಲೊಂದು ಇಲ್ಲೊಂದು ದುಂಡನೆಯ ಗುಡಿಸಲು, ಮೆಕ್ಕೆಜೋಳದ ಹೊಲ, ಮೇಯುವ ದನ. ಇದು ದಕ್ಷಿಣ ಆಫ್ರಿಕಾದ ವುಲಿಂಡ್ಲೆಲಾ, ಜುಲು ಜನರ ಸೀಮೆ. ಇಲ್ಲಿನ ಗಂಡಸರಲ್ಲಿ ಬಹಳ ಮಂದಿ ದೂರದ ಊರುಗಳಲ್ಲಿ ದುಡಿಯುತ್ತಾರೆ, ಬಿಡುವಾದಾಗ ಮನೆಗೆ ಬರುತ್ತಾರೆ. ಬಂದವನಿಗೆ, ಎಚ್‌ಐವಿ ತಗಲದಂತೆ ಕಾಂಡೋಮ್ ಹಾಕಿಕೋ ಎನ್ನುವ ಧೈರ್ಯ ಎಷ್ಟು ಹೆಂಗಸರಿಗಿದ್ದೀತು?

ಬನ್ನಿ, ಇಲ್ಲಿನ ಕ್ಲಿನಿಕ್ಕಿನ ಬೆಂಚಿನ ತುದಿಯಲ್ಲಿ ಸದ್ದಿಲ್ಲದೆ ಕೂರೋಣ. 2007ರಿಂದ 2010ರವರೆಗಿನ ಕಾಲ, ಮದ್ದೊಂದರ ಪ್ರಯೋಗ ನಡೆಯುತ್ತಿದೆ. ತಿಂಗಳಿಗೊಮ್ಮೆ ಹೆಂಗಸರು ಬರುತ್ತಾರೆ. ಚೀಲ ಬಿಚ್ಚಿ, ಬಳಸಿದ ಪ್ಲಾಸ್ಟಿಕ್ ಕೊಳವೆಗಳನ್ನೂ ಬಳಸದೆ ಉಳಿದವನ್ನೂ ಒಪ್ಪಿಸುತ್ತಾರೆ. ಎಲ್ಲವನ್ನೂ ಎಣಿಸಿ ಬರೆದಿಟ್ಟ ಮೇಲೆ ಹೊಸ ಕೊಳವೆಗಳು ಅವರ ಕೈಗೆ. ಒಳಗಿರುವುದು ಬಣ್ಣವಿಲ್ಲದ ಜೆಲ್: ಕೂಡುವ ಮುಂಚಿನ ಹನ್ನೆರಡು ಗಂಟೆಯೊಳಗೆ ಒಂದು ಸಲ, ಆಮೇಲಿನ ಹನ್ನೆರಡು ಗಂಟೆಯೊಳಗೆ ಇನ್ನೊಂದು ಸಲ ಯೋನಿಯೊಳಗೆ ಹಾಕಿಕೊಳ್ಳಬೇಕು. ಅರ್ಧದಷ್ಟು ಮಂದಿಯ ಜೆಲ್‌ನಲ್ಲಿ ಟೆನೊಫೊವಿರ್ ಎಂಬ ಎಚ್‌ಐವಿ ಮದ್ದು ಇದೆ, ಉಳಿದವರದರಲ್ಲಿ ಮದ್ದೇ ಇಲ್ಲ. ಯಾರದು ಯಾವುದೆಂದು ಕೊಡುವ ನರ್ಸಿಗೂ ಗೊತ್ತಿಲ್ಲ.

ಇದಕ್ಕೂ ಹಿಂದೆ ಬಂದ ಜೆಲ್‌ಗಳು ಆಸೆ ಹುಟ್ಟಿಸಿ ಸೋತಿದ್ದವು. ನೊನಾಕ್ಸಿನಾಲ್-9 ಎಂಬುದು ಪ್ರಯೋಗಾಲಯದಲ್ಲಿ ವೈರಸ್ಸನ್ನು ಕೊಂದಿತ್ತು. ಆದರೆ ಹೆಂಗಸರ ಮೈಯಲ್ಲಿ ಒಳಪೊರೆಯನ್ನು ಕೆರಳಿಸಿ ಸೋಂಕಿನ ಅಪಾಯವನ್ನೇ ಹೆಚ್ಚಿಸಿತು. ಟೆನೊಫೊವಿರ್ ದಾರಿ ಬೇರೆ. ಅದು ಜೀವಕೋಶದ ಒಳಹೊಕ್ಕು, ಎಚ್‌ಐವಿ ತನ್ನ ಪ್ರತಿ ಮಾಡಿಕೊಳ್ಳದಂತೆ ತಡೆಯುತ್ತದೆ.

2010ರ ಜುಲೈನಲ್ಲಿ ವಿಯೆನ್ನಾದ ಏಡ್ಸ್ ಸಮ್ಮೇಳನದಲ್ಲಿ ಈ ಪ್ರಯೋಗ ನಡೆಸಿದ ವಿಜ್ಞಾನಿಗಳಾದ ಕ್ವಾರೈಶಾ ಮತ್ತು ಸಲೀಂ ಅಬ್ದುಲ್ ಕರೀಂ ದಂಪತಿ ಲೆಕ್ಕ ಬಿಚ್ಚಿಟ್ಟರು. ವುಲಿಂಡ್ಲೆಲಾ, ಡರ್ಬನ್ ಎರಡೂ ಸೇರಿ 889 ಹೆಂಗಸರು. ಮದ್ದಿನ ಜೆಲ್ ಪಡೆದವರಲ್ಲಿ 38 ಮಂದಿಗೆ ಸೋಂಕು, ಬರೀ ಜೆಲ್ ಪಡೆದವರಲ್ಲಿ 60 ಮಂದಿಗೆ. ಅಪಾಯ ಶೇ 39ರಷ್ಟು ಇಳಿದಿತ್ತು. ಗಂಡಸಿನ ಒಪ್ಪಿಗೆ ಕಾಯದೆ ಹೆಣ್ಣು ತಾನೇ ಬಳಸಬಹುದಾದ ಮದ್ದೊಂದು ಕೆಲಸ ಮಾಡೀತೆಂದು ಕಂಡದ್ದು ಆಗಲೇ.

ಆ ಗೆಲುವು ನಿಲ್ಲಲಿಲ್ಲ. ಇದೇ ಜೆಲ್ ಕೊಟ್ಟು ಸುಮಾರು ಎರಡು ಸಾವಿರ ಯುವತಿಯರಲ್ಲಿ ನಡೆಸಿದ ಮತ್ತೊಂದು ಪ್ರಯೋಗದ ಫಲ 2015ರಲ್ಲಿ ಹೊರಬಿತ್ತು. ಒಟ್ಟಾರೆ ರಕ್ಷಣೆ ಕಾಣಲಿಲ್ಲ; ಬಹಳ ಮಂದಿ ಜೆಲ್ಲನ್ನು ತಪ್ಪದೆ ಬಳಸಿರಲಿಲ್ಲ. ಅವರಲ್ಲಿ ಬಹುಪಾಲು ಹುಡುಗಿಯರು ಅಪ್ಪ ಅಮ್ಮ, ಒಡಹುಟ್ಟಿದವರ ಜೊತೆಗಿದ್ದವರು. ಇರುವ ಒಂದೆರಡು ಕೋಣೆಯಲ್ಲಿ ಕೊಳವೆ ಬಚ್ಚಿಡುವುದೆಲ್ಲಿ, ಹೊತ್ತು ನೋಡಿ ಹಾಕಿಕೊಳ್ಳುವುದೆಂತು? ತಪ್ಪು ಆ ಹುಡುಗಿಯರದು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮುಂದೆ ಬಂದದ್ದು ಬಾಗುವ ಸಿಲಿಕೋನ್ ಉಂಗುರ. ಅದರೊಳಗೆ ಡಪಿವಿರಿನ್ ಎಂಬ ಮದ್ದು, 25 ಮಿಲಿಗ್ರಾಂ. ಒಮ್ಮೆ ಯೋನಿಯೊಳಗೆ ಇಟ್ಟುಕೊಂಡರೆ ತಿಂಗಳಿಡೀ ಮದ್ದು ಒಸರುತ್ತದೆ, ದಿನವೂ ನೆನಪಿಡಬೇಕಿಲ್ಲ. ಎರಡು ದೊಡ್ಡ ಪ್ರಯೋಗಗಳಲ್ಲಿ ಸೋಂಕು ಸುಮಾರು ಶೇ 30ರಷ್ಟು ತಗ್ಗಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು. ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಾಕಪವಿರ್ ಇದಕ್ಕಿಂತ ಎಷ್ಟೋ ಬಲವಾದ ಮದ್ದು, ನಿಜ. ಆದರೂ ತನ್ನ ಕೈಯಾರೆ ಇಟ್ಟುಕೊಂಡು, ಬೇಡವಾದಾಗ ತೆಗೆಯಬಹುದಾದ ಸಾಧನವನ್ನೇ ಬಯಸುವ ಹೆಂಗಸರಿದ್ದಾರೆ. ಉಂಗುರವನ್ನು ಕೈಬಿಡದೆ ಅವರ ಊರಿನ ಕ್ಲಿನಿಕ್ಕಿಗೂ ಮುಟ್ಟಿಸಬೇಕು.