ಭೌತಶಾಸ್ತ್ರಕ್ಕೆ ಮೊದಲು ಸ್ವಲ್ಪ ಕ್ಯಾಲ್ಕುಲಸ್



ಯಾದಗಿರಿ, ಶಹಾಪುರ, ಸುರಪುರದ ಕಡೆ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನ ಸೇರಲಿರುವವರಿಗೆ ಬೇಸಿಗೆ ರಜೆ ದೊಡ್ಡ ಅವಕಾಶ. ಕಾಲೇಜು ತೆರೆದ ಕೆಲವೇ ವಾರಗಳಲ್ಲಿ ಭೌತಶಾಸ್ತ್ರದ ಮೇಷ್ಟ್ರು ಸರಳರೇಖೆಯ ಚಲನೆಯ ಪಾಠ ತೆಗೆದು, ಬೋರ್ಡಿನ ಮೇಲೆ ‘ಡಿಎಕ್ಸ್ ಬೈ ಡಿಟಿ’ ಎಂದು ಬರೆಯುತ್ತಾರೆ. ಗಣಿತದ ಪುಸ್ತಕದಲ್ಲಾದರೋ ಅದರ ವಿವರಣೆ ಕೊನೆಯ ಅಧ್ಯಾಯಗಳಲ್ಲಿದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪಾಠವೂ ಆಗಲೇ ಎದುರಾಗುತ್ತದೆ. ‘ಇದು ನನ್ನ ತಲೆಗೆ ಹತ್ತುವುದಲ್ಲ’ ಎಂದು ಕೈಚೆಲ್ಲುವವರಿದ್ದಾರೆ. ಕೊರತೆ ತಲೆಯದಲ್ಲ, ಪಾಠಗಳ ಸರದಿಯದು. ರಜೆಯಲ್ಲೇ ಅದನ್ನು ತುಂಬಿಕೊಳ್ಳಬಹುದು.

ಕ್ಯಾಲ್ಕುಲಸ್, ಅಂದರೆ ಕಲನಶಾಸ್ತ್ರ, ಮುಖ್ಯವಾಗಿ ಕೇಳುವುದು ಎರಡು ಪ್ರಶ್ನೆ. ಈ ಕ್ಷಣದಲ್ಲಿ ಬದಲಾವಣೆಯ ದರವೆಷ್ಟು? ಒಟ್ಟು ಕೂಡಿದ್ದೆಷ್ಟು? ಇವು ನಿಮಗೆ ಹೊಸವಲ್ಲ. ಮಳೆಗಾಲದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯಕ್ಕೆ ಒಳಹರಿವು ಇಷ್ಟು ಕ್ಯೂಸೆಕ್, ಸಂಗ್ರಹ ಇಷ್ಟು ಟಿಎಂಸಿ ಎಂದು ಪತ್ರಿಕೆಯಲ್ಲಿ ಓದುತ್ತೀರಲ್ಲವೇ? ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ; ಅದು ದರ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ; ಅದು ಮೊತ್ತ.

ಮೊದಲು ದರವನ್ನು ನೋಡೋಣ. ಬಾವಿಗೆ ಬಿಟ್ಟ ಕಲ್ಲು ಬೀಳುವ ದೂರ, ಮೀಟರುಗಳಲ್ಲಿ, ಸುಮಾರಾಗಿ ಸೆಕೆಂಡುಗಳ ವರ್ಗದ 5 ಪಟ್ಟು. ಸರಿಯಾಗಿ 1 ಸೆಕೆಂಡ್ ಆದಾಗ ಅದರ ವೇಗವೆಷ್ಟು? 1ರಿಂದ 2 ಸೆಕೆಂಡಿನ ನಡುವೆ ಸರಾಸರಿ ವೇಗ ಸೆಕೆಂಡಿಗೆ 15 ಮೀಟರ್. 1ರಿಂದ 1.1ರ ನಡುವೆ 10.5. 1ರಿಂದ 1.01ರ ನಡುವೆ 10.05. ಉತ್ತರ 10ರತ್ತ ಸಾಗುತ್ತಿದೆ. ಇದೇಕೆ? ಆ ಚೂರು ಸಮಯವನ್ನು ‘ಹೆಚ್’ ಎನ್ನಿ. ನೀವು ಕಲಿತ ವರ್ಗದ ಸೂತ್ರ ಬಳಸಿದರೆ ಸರಾಸರಿ ವೇಗ 10 ಕೂಡಿಸು 5 ಹೆಚ್ ಎಂದು ಬರುತ್ತದೆ. ಮೊದಲೇ ಹೆಚ್‌ಗೆ ಸೊನ್ನೆ ಇಡುವಂತಿಲ್ಲ, ಸೊನ್ನೆಯಿಂದ ಭಾಗಿಸಲಾಗದು. ಭಾಗಿಸಿದ ಮೇಲೆ ಹೆಚ್ ಅನ್ನು ಸೊನ್ನೆಯ ಹತ್ತಿರಕ್ಕೆ ತಂದರೆ 10 ಉಳಿಯುತ್ತದೆ. ಇದೇ ಅವಕಲನ.

ನಮ್ಮ ಟೆಲಿವಿಷನ್ನಿನಲ್ಲಿ ಸೆಕೆಂಡಿಗೆ 25 ಚಿತ್ರಗಳು ಸಾಗುತ್ತವೆ. ಒಂದೇ ಚಿತ್ರ ನಿಲ್ಲಿಸಿ ನೋಡಿದರೆ ಕಲ್ಲಿನ ವೇಗ ತಿಳಿಯದು. ಪಕ್ಕದ ಇನ್ನೊಂದು ಚಿತ್ರವೂ ಬೇಕು. ಕ್ಷಣದ ವೇಗದ ಗುಟ್ಟು ಅಷ್ಟೇ. ಗ್ರಹಗಳ ವಿಷಯದಲ್ಲಿ ಇದನ್ನೇ ಯೋಚಿಸಿದ ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ‘ತಾತ್ಕಾಲಿಕ ಗತಿ’ಯ ಲೆಕ್ಕ ಹೇಳಿದರು. ಪೂರ್ಣ ಶಾಸ್ತ್ರವಾಗಿ ಅದನ್ನು ಕಟ್ಟಿದವರು 17ನೆಯ ಶತಮಾನದ ನ್ಯೂಟನ್ ಮತ್ತು ಲೈಬ್ನಿಟ್ಸ್.

ಇನ್ನು ಮೊತ್ತ. ದಿನಕ್ಕೆ 86,400 ಸೆಕೆಂಡು. ಇಡೀ ದಿನ ಒಂದೇ ಸಮನೆ 11,574 ಕ್ಯೂಸೆಕ್ ಹರಿದರೆ ಹೆಚ್ಚು ಕಡಿಮೆ 1 ಟಿಎಂಸಿ ಆಗುತ್ತದೆ. ಗುಣಿಸಿ ನೋಡಿ. ಆದರೆ ಹರಿವು ಗಂಟೆಗೊಂದು ಬಗೆಯಾದರೆ? ದಿನವನ್ನು ಗಂಟೆಗಳಾಗಿ ತುಂಡರಿಸಿ, ಪ್ರತಿ ಗಂಟೆಯ ದರವನ್ನು 3,600ರಿಂದ ಗುಣಿಸಿ ಕೂಡಿಸಬೇಕು. ತುಂಡುಗಳು ಸಣ್ಣದಾದಷ್ಟೂ ಲೆಕ್ಕ ನಿಖರ. ಇದೇ ಅನುಕಲನ. ಗ್ರಾಫಿನಲ್ಲಿ ಅವಕಲನ ಗೆರೆಯ ಇಳಿಜಾರು, ಅನುಕಲನ ಗೆರೆಯ ಕೆಳಗಿನ ವಿಸ್ತೀರ್ಣ.

ರಜೆಯಲ್ಲಿ ಬಿಸಿಲೇರುವ ಮುನ್ನ ದಿನಕ್ಕೆ ಮುಕ್ಕಾಲು ಗಂಟೆ ಸಾಕು. ಮೊದಲ ವಾರ ಗ್ರಾಫ್ ಹಾಳೆಯ ಮೇಲೆ ದೂರ ಮತ್ತು ಕಾಲದ ಗೆರೆ ಎಳೆಯಿರಿ. ಎರಡನೆಯ ವಾರ ಮೇಲಿನ ಕಲ್ಲಿನ ಲೆಕ್ಕವನ್ನು 2, 3 ಸೆಕೆಂಡುಗಳಿಗೂ ಮಾಡಿ. 20, 30 ಬರಬೇಕು. ಆಗ ನಿಯಮ ನಿಮಗೇ ಹೊಳೆಯುತ್ತದೆ. ಮೂರನೆಯ ವಾರ ವರ್ಗ, ಘನಗಳ ಅವಕಲನ. ನಾಲ್ಕನೆಯ ವಾರ ವಿಸ್ತೀರ್ಣದ ಲೆಕ್ಕ. ಸೂತ್ರಗಳ ಪಟ್ಟಿ ಬಾಯಿಪಾಠ ಮಾಡಬೇಡಿ, ಅದಕ್ಕೆ ಕಾಲೇಜಿನಲ್ಲಿ ಸಮಯವಿದೆ.

ಇಷ್ಟು ಮಾಡಿದರೆ, ಬೋರ್ಡಿನ ಮೇಲೆ ‘ಡಿಎಕ್ಸ್ ಬೈ ಡಿಟಿ’ ಕಂಡ ದಿನ ನೀವು ಪೆನ್ನು ಕೆಳಗಿಡುವುದಿಲ್ಲ.